ಆ ಹೊಟ್ಟೆಯ ಪ್ರಾಣಿ ಕರಡಿಯಲ್ಲ, ಸಾವಿರ ವರ್ಷದ್ದೂ ಅಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯಲ್ಲಿ ಮನೆಗೆ ಅದೃಷ್ಟ ತರುವ ವಿದೇಶಿ ಗೊಂಬೆಗಳ ಬಗ್ಗೆ ಇಡೀ ಒಂದು ಪುಟ ಬಂದಿತ್ತು. ಪುಟದ ಮಧ್ಯದಲ್ಲಿ ದೊಡ್ಡ ಚಿತ್ರ. ಹುಲ್ಲಿನ ಟೊಪ್ಪಿಗೆ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿ, ಹಲ್ಲು ಕಿರಿಯುತ್ತಾ ನಿಂತ ಕಂದು ಬಣ್ಣದ ಮಣ್ಣಿನ ಗೊಂಬೆ. ಅದರ ಕೆಳಗೆ ಹೀಗೆ ಬರೆದಿದ್ದಿರಿ: ಇದು ಜಪಾನಿನ ಅದೃಷ್ಟದ ಕರಡಿ. ಸಾವಿರಾರು ವರ್ಷಗಳಿಂದ ಪೂಜೆಗೊಳ್ಳುತ್ತಿರುವ ಇವನನ್ನು ಜಪಾನಿನ ಗಣಪ ಎನ್ನಬಹುದು. ಮನೆಯ ಈಶಾನ್ಯ ಮೂಲೆಯಲ್ಲಿಟ್ಟರೆ ಧನಲಾಭ.

ಮೂರು ವಾಕ್ಯ. ಮೂರೂ ತಪ್ಪು. ಪಕ್ಕದ ಚಿಕ್ಕ ಚಿತ್ರದಲ್ಲಿದ್ದ ಬಿಳಿ ನರಿಯ ಮುಖವಾಡಕ್ಕೆ 'ದುಷ್ಟಶಕ್ತಿಯ ಸಂಕೇತ, ಮನೆಯಲ್ಲಿ ಇಡಬೇಡಿ' ಎಂಬ ಎಚ್ಚರಿಕೆ ಬೇರೆ. ಅದೂ ತಪ್ಪು.

ನಾನು ಪಂಡಿತಳಲ್ಲ. ಕುಂಬಾರರ ಮನೆಯಲ್ಲಿ ಹುಟ್ಟಿದವಳು. ಅಪ್ಪ ಕೊನೆವರೆಗೂ ತಿಗರಿ ಬಿಡಲಿಲ್ಲ, ತಮ್ಮ ಈಗಲೂ ಗಣಪತಿ, ಹಣತೆ, ಹೂಕುಂಡ ಮಾಡಿಕೊಂಡಿದ್ದಾನೆ. ಮಗಳು ಅಳಿಯ ಜಪಾನಿನ ಶಿಗಾ ಪ್ರಾಂತ್ಯದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ಅಲ್ಲಿಗೆ ಹೋಗಿದ್ದೆ. ನಿಮ್ಮ ಚಿತ್ರದಲ್ಲಿರುವ ಗೊಂಬೆ ಹುಟ್ಟುವ ಶಿಗರಾಕಿ ಊರು ಅದೇ ಪ್ರಾಂತ್ಯದಲ್ಲಿದೆ. ಹಸುಗೂಸಿನ ಅಜ್ಜಿಯನ್ನು ಅಳಿಯಂದಿರು ದೇವಸ್ಥಾನಗಳಿಗೆ ಕರೆದುಕೊಂಡು ಹೋಗೋದು ಸಹಜ. ನಾನು ಮಾತ್ರ ಮಡಕೆ ಸುಡುವ ಆವಿಗೆ ತೋರಿಸಿ ಎಂದೆ. ಬೇಕಾದದ್ದು ಕೇಳಿ, ಬೇಕಾದದ್ದು ನೋಡಿ ಬಂದಿದ್ದೇನೆ. ಅದಕ್ಕೇ ಈ ಕಾಗದ ಉದ್ದ ಆಗುತ್ತದೆ, ಕತ್ತರಿಸಬೇಡಿ.

ಮೊದಲು ಪ್ರಾಣಿಯ ವಿಷಯ. ಇದರ ಹೆಸರು ತನುಕಿ. ಕರಡಿಯಲ್ಲ, ನಾಯಿ ಜಾತಿಗೆ ಸೇರಿದ್ದು. ಗುಜ್ಜಾರಿ ಕಾಲು, ದಪ್ಪ ತುಪ್ಪಳ, ಕಣ್ಣಿನ ಸುತ್ತ ಕಾಡಿಗೆ ಮೆತ್ತಿದ ಹಾಗೆ ಕಪ್ಪು. ಕಾಡಿನಲ್ಲೂ ಇರುತ್ತದೆ, ಊರಂಚಿನಲ್ಲೂ ಓಡಾಡುತ್ತದೆ. ಹಣ್ಣು, ಹುಳ, ಕಪ್ಪೆ, ಮನುಷ್ಯರು ಬಿಸಾಡಿದ ಅನ್ನ, ಏನಾದರೂ ಸರಿ ತಿನ್ನುತ್ತದೆ. ತುಂಬಾ ಗಾಬರಿಯಾದರೆ ಸತ್ತಂತೆ ಬಿದ್ದುಬಿಡುತ್ತದಂತೆ. ಬೇಟೆಗಾರ ಸತ್ತಿತು ಅಂದುಕೊಂಡು ಬಂದೂಕು ಕೆಳಗಿಟ್ಟರೆ ಎದ್ದು ಪರಾರಿ. ಇಂಥ ಪ್ರಾಣಿಗೆ ಮೋಸಗಾರ ಅನ್ನೋ ಹೆಸರು ಬರದೆ ಇರುತ್ತದೆಯೇ? ವೇಷ ಬದಲಿಸುತ್ತದೆ, ಮನುಷ್ಯನಾಗುತ್ತದೆ, ಪಾತ್ರೆಯಾಗುತ್ತದೆ ಎಂದು ಜನ ಕತೆ ಕಟ್ಟಿದರು.

ಜಪಾನಿನಲ್ಲಿ ವೇಷ ಬದಲಿಸುವ ಪ್ರಾಣಿಗಳಿಗೆ ಬರ ಇಲ್ಲ. ಮುದಿಯಾಗಿ ಬಾಲ ಸೀಳಿದ ಬೆಕ್ಕು ಇದೆ, ನೀರುನಾಯಿ ಇದೆ. ಆದರೆ ಈ ಕಸುಬಿನಲ್ಲಿ ಮುಖ್ಯವಾದವರು ಇಬ್ಬರೇ, ನರಿ ಮತ್ತು ತನುಕಿ. ನರಿಗೆ ಏಳು ವೇಷ, ತನುಕಿಗೆ ಎಂಟು ಎಂದು ಅಲ್ಲಿ ಗಾದೆಯೇ ಇದೆ. ನರಿ ವೇಷ ಹಾಕೋದು ಏನಾದರೂ ಉದ್ದೇಶ ಇಟ್ಟುಕೊಂಡು. ಸುಂದರಿಯಾಗಿ ಬಂದು ಮದುವೆಯಾಗುತ್ತದೆ, ರಾಜ್ಯ ಕೆಡಿಸುತ್ತದೆ, ಇಲ್ಲವೇ ಉಪಕಾರ ತೀರಿಸುತ್ತದೆ. ತನುಕಿಗೆ ಅಂಥದ್ದೇನೂ ಇಲ್ಲ. ಸುಮ್ನೆ, ತಮಾಷೆಗೆ. ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು ಲಾಗ ಹಾಕಿದರೆ ಮುಗಿಯಿತು. ಅಂಗಡಿಯವನಿಗೆ ಕೊಟ್ಟ ದುಡ್ಡು ಬೆಳಗಾಗುವಷ್ಟರಲ್ಲಿ ಒಣಗಿದ ಎಲೆ ಆಗಿರುತ್ತದೆ. ಬೆಳದಿಂಗಳ ರಾತ್ರಿ ಹೊಟ್ಟೆಯನ್ನೇ ಡೋಲು ಮಾಡಿಕೊಂಡು ಬಾರಿಸುತ್ತದೆ.

ಈ ಡೋಲಿನ ಕತೆ ಚಿಬಾ ಪ್ರಾಂತ್ಯದ ಕಿಸರಾಜು ಊರಿನಲ್ಲಿದೆ. ಅಲ್ಲಿನ ಶೋಜೋಜಿ ಎಂಬ ಮಠದ ಅಂಗಳದಲ್ಲಿ ರಾತ್ರಿ ಹೊತ್ತು ತನುಕಿಗಳ ದಂಡೇ ಸೇರಿ ಹೊಟ್ಟೆ ಬಾರಿಸಿ ಕುಣಿಯುತ್ತಿತ್ತಂತೆ. ಹೊಸದಾಗಿ ಬಂದ ಸ್ವಾಮಿಗಳು ಹೆದರಲಿಲ್ಲ. ತಾವೂ ತಂತಿವಾದ್ಯ ತಂದು ಜೊತೆಗೆ ಕೂತರು. ಇವರು ಬಾರಿಸಿದರೆ ಅವು ಇನ್ನೂ ಜೋರು, ಅವು ಬಾರಿಸಿದರೆ ಇವರು ಇನ್ನೂ ಜೋರು. ಮೂರು ರಾತ್ರಿ ಜಿದ್ದಾಜಿದ್ದಿ. ನಾಲ್ಕನೇ ರಾತ್ರಿ ಯಾರೂ ಬರಲಿಲ್ಲ. ಬೆಳಿಗ್ಗೆ ನೋಡಿದರೆ ದೊಡ್ಡ ತನುಕಿ ಹೊಟ್ಟೆ ಒಡೆದು ಸತ್ತು ಬಿದ್ದಿತ್ತು. ಪಾಪ ಅನ್ನಿಸಿ ಸ್ವಾಮಿಗಳು ಅದಕ್ಕೊಂದು ಸಮಾಧಿ ಕಟ್ಟಿಸಿದರು. 1920ರ ದಶಕದಲ್ಲಿ ಇದನ್ನಿಟ್ಟುಕೊಂಡು ಒಂದು ಮಕ್ಕಳ ಹಾಡು ಬಂತು. ಇವತ್ತಿಗೂ ಅಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ.

ಇನ್ನೊಂದು ಕತೆ ಗುನ್ಮಾ ಪ್ರಾಂತ್ಯದ ತತೆಬಯಾಶಿಯ ಮೊರಿಂಜಿ ಮಠದ್ದು. ಬಡವನೊಬ್ಬ ಬಲೆಗೆ ಬಿದ್ದ ತನುಕಿಯನ್ನು ಬಿಡಿಸುತ್ತಾನೆ. ಋಣ ತೀರಿಸಬೇಕು ಅಂತ ತನುಕಿ ಟೀ ನೀರು ಕಾಯಿಸುವ ಕಬ್ಬಿಣದ ಪಾತ್ರೆಯಾಗಿ ಅವನ ಮುಂದೆ ಕೂರುತ್ತದೆ. ಅವನು ಅದನ್ನು ಮಠಕ್ಕೆ ಮಾರುತ್ತಾನೆ. ಮಠದವರು ಒಲೆ ಮೇಲೆ ಇಟ್ಟಾಗ ಕುಂಡಿ ಸುಟ್ಟು, ಪಾತ್ರೆಗೆ ನಾಲ್ಕು ಕಾಲು, ಬಾಲ, ತಲೆ ಎಲ್ಲ ಹೊರಬಂದು ಮಠದ ತುಂಬ ಓಟ. ಆಮೇಲೆ ಅರ್ಧ ಪಾತ್ರೆ ಅರ್ಧ ಪ್ರಾಣಿಯಾಗಿಯೇ ಉಳಿದು, ಕೈಯಲ್ಲಿ ಕೊಡೆ ಹಿಡಿದು ಹಗ್ಗದ ಮೇಲೆ ನಡೆಯುವ ಆಟ ತೋರಿಸಿ ಆ ಬಡವನಿಗೆ ದುಡ್ಡು ಮಾಡಿಕೊಡುತ್ತದೆ. ಮಠದವರು ಹೇಳುವುದು ಬೇರೆ. ಅವರ ಪ್ರಕಾರ ಶುಕಾಕು ಎಂಬ ಸನ್ಯಾಸಿಯೇ ತನುಕಿ. 1570ರ ಹೊತ್ತಿಗೆ ಮಠದಲ್ಲಿ ದೊಡ್ಡ ಸಭೆ ಸೇರಿದಾಗ ಅವನು ತಂದ ಪಾತ್ರೆಯಲ್ಲಿ ಎಷ್ಟು ಬಗ್ಗಿಸಿದರೂ ಬಿಸಿನೀರು ಖಾಲಿಯಾಗಲಿಲ್ಲವಂತೆ. ಆ ಪಾತ್ರೆ ಇದೇ ಅಂತ ಈಗಲೂ ಮಠದಲ್ಲಿ ತೋರಿಸುತ್ತಾರೆ. ಹಗ್ಗದ ಮೇಲೆ ಕೊಡೆ ಹಿಡಿದು ನಿಂತ ಆ ಅರ್ಧ ಪಾತ್ರೆಯನ್ನು ಮರದಲ್ಲಿ, ದಂತದಲ್ಲಿ, ಲೋಹದಲ್ಲಿ, ಮಣ್ಣಿನಲ್ಲಿ ಎಷ್ಟು ಜನ ಕುಶಲಕರ್ಮಿಗಳು ಮಾಡಿದ್ದಾರೋ ಲೆಕ್ಕವಿಲ್ಲ.

ಈಗ ನಿಮ್ಮ ಚಿತ್ರದ ಗೊಂಬೆಗೆ ಬರೋಣ. ಅವನ ಒಂದು ಕೈಯಲ್ಲಿ ಹೂಜಿಯಂಥದ್ದು ಇದೆಯಲ್ಲ, ಅದು ಅಮೃತ ಕಲಶ ಅಲ್ಲ. ಸಾಕೆ, ಅಂದರೆ ಅಕ್ಕಿಯಿಂದ ಮಾಡಿದ ಹೆಂಡದ ಬಾಟಲಿ. ಇನ್ನೊಂದು ಕೈಯಲ್ಲಿರುವುದನ್ನು ನಿಮ್ಮ ಲೇಖಕರು 'ಧರ್ಮಗ್ರಂಥ' ಎಂದು ಬರೆದಿದ್ದಾರೆ. ಓದಿ ನಕ್ಕು ನಕ್ಕು ಸಾಕಾಯಿತು. ಅದು ಉದ್ದರಿ ಪುಸ್ತಕ ಸ್ವಾಮಿ! ನಮ್ಮ ಕಿರಾಣಿ ಅಂಗಡಿಯಲ್ಲಿ ತಿಂಗಳ ಲೆಕ್ಕ ಬರೆಸುತ್ತಿದ್ದೆವಲ್ಲ, ಅದೇ. ಮಳೆ ಜಿನುಗುವ ರಾತ್ರಿ ಪುಟ್ಟ ತನುಕಿಯೊಂದು ಹುಡುಗನ ವೇಷ ಹಾಕಿ, ಬಾಟಲಿ ಹಿಡಿದು, ಲೆಕ್ಕದಲ್ಲಿ ಬರೆದುಕೊಳ್ಳಿ ಅಂತ ಹೆಂಡದಂಗಡಿಗೆ ಹೋಗುತ್ತದೆ ಅನ್ನೋದು ಜನರ ಕಲ್ಪನೆ. ಅದಕ್ಕೇ ತಲೆ ಮೇಲೆ ಟೊಪ್ಪಿಗೆ. ಕೋಬೆ ಹತ್ತಿರದ ನಾದಾ ಎಂಬಲ್ಲಿ ಸಾಕೆ ತಯಾರಿಸುವ ಮನೆಗಳು ಜಾಸ್ತಿ. ಅಲ್ಲಿನ ಉಗ್ರಾಣದಲ್ಲಿ ಒಂದೆರಡು ಪುಟ್ಟ ತನುಕಿ ಸೇರಿಕೊಂಡಿರದಿದ್ದರೆ ಒಳ್ಳೆಯ ಸಾಕೆ ಇಳಿಯುವುದಿಲ್ಲ ಎಂಬ ಮಾತಿದೆಯಂತೆ.

ಹೀಗಿರುವ ಕುಡುಕ, ಸಾಲಗಾರ, ಸುಳ್ಳನನ್ನು ನಮ್ಮ ವಿಘ್ನೇಶ್ವರನ ಪಕ್ಕ ಕೂರಿಸಿದ್ದೀರಿ. ಹೊಟ್ಟೆ ಒಂದೇ ತರ ಇದ್ದರೆ ಸಾಕೇ? ಅವನು ಅಲ್ಲಿ ನಿಲ್ಲುವುದು ದೇವರ ಕೋಣೆಯಲ್ಲೂ ಅಲ್ಲ, ಈಶಾನ್ಯದಲ್ಲೂ ಅಲ್ಲ. ಹೋಟೆಲಿನ ಬಾಗಿಲ ಹೊರಗೆ, ಅಂಗಡಿ ಮುಂದೆ, ಬನ್ನಿ ಬನ್ನಿ ಅಂತ ಕರೆಯುತ್ತಾ ನಿಲ್ಲುತ್ತಾನೆ. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. ಗುಡಿ ಕಟ್ಟಿಸಿಕೊಂಡ ತನುಕಿಗಳೂ ಇವೆ. ಶಿಕೋಕು ದ್ವೀಪದಲ್ಲಿ ತನುಕಿಯ ಕತೆಗಳು ವಿಪರೀತ. ತಕಮತ್ಸು ನಗರದ ಯಶಿಮಾ ಮಠದಲ್ಲಿ ಮುಖ್ಯ ಮಂದಿರದ ಪಕ್ಕದಲ್ಲೇ ಒಂದು ತನುಕಿಯ ಗುಡಿ ಇದೆ. ಸಂಸಾರ ಚೆನ್ನಾಗಿರಲಿ, ಮಕ್ಕಳಾಗಲಿ ಅಂತ ಹರಕೆ ಹೊರುತ್ತಾರೆ. ಆದರೆ ಆ ದೇವರು ಬೇರೆ, ಹೋಟೆಲ್ ಮುಂದಿನ ಈ ಆಸಾಮಿ ಬೇರೆ.

ಇನ್ನೊಂದು ವಿಷಯ. ಮನೆಮಂದಿಯೆಲ್ಲ ಓದುವ ಪತ್ರಿಕೆ ಅಂತ ನೀವು ಸಂಕೋಚ ಪಟ್ಟಿರಬಹುದು. ಗೊಂಬೆಯ ಕಾಲುಗಳ ನಡುವೆ ನೆಲಕ್ಕೆ ತಾಗುವಂತೆ ಇರುವುದನ್ನು 'ಹಣದ ಚೀಲ' ಎಂದಿದ್ದೀರಿ. ಚೀಲ ಹೌದು, ಆದರೆ ದೇವರು ಎಲ್ಲ ಗಂಡು ಪ್ರಾಣಿಗೂ ಕೊಟ್ಟ ಚೀಲ. ತನುಕಿಗೆ ಮಾತ್ರ ಕತೆಗಾರರು ಧಾರಾಳವಾಗಿ ಕೊಟ್ಟಿದ್ದಾರೆ, ಹಾಸಿದರೆ ಎಂಟು ಚಾಪೆಯಷ್ಟು ಅಗಲ. ಇದಕ್ಕೆ ಅಲ್ಲಿ ಹೇಳುವ ಕಾರಣ ಕೇಳಿ. ಕನಜಾವಾ ಊರು ಬಂಗಾರದ ತಗಡಿಗೆ ಹೆಸರುವಾಸಿ. ಅಕ್ಕಸಾಲಿಗರು ಬಂಗಾರವನ್ನು ತನುಕಿ ಚರ್ಮದಲ್ಲಿ ಸುತ್ತಿ ಸುತ್ತಿಗೆಯಲ್ಲಿ ಬಡಿಯುತ್ತಿದ್ದರಂತೆ. ಚರ್ಮ ಹರಿಯದೆ ಹಿಗ್ಗುತ್ತಿತ್ತು, ಒಳಗಿನ ಬಂಗಾರವೂ ತೆಳ್ಳಗೆ ಹರಡಿಕೊಳ್ಳುತ್ತಿತ್ತು. ಅಲ್ಲಿಂದ ಬಾಯಿಂದ ಬಾಯಿಗೆ ಹೋಗಿ, ಹಿಗ್ಗುವುದು ತನುಕಿಯ ಆ ಭಾಗವೇ ಎಂದಾಯಿತು, ಬಂಗಾರ ಇದ್ದದ್ದಕ್ಕೆ ಐಶ್ವರ್ಯವೂ ಅಂಟಿಕೊಂಡಿತು. 1840ರ ದಶಕದಲ್ಲಿ ಕುನಿಯೋಶಿ ಎಂಬ ಚಿತ್ರಕಾರ ತನುಕಿಗಳು ಅದನ್ನೇ ಮೀನಿನ ಬಲೆಯಾಗಿ, ಕೊಡೆಯಾಗಿ ಬಳಸುವ ಚಿತ್ರಗಳ ಸಾಲನ್ನೇ ಬರೆದ. ನನ್ನ ಮಗಳು ಮುಖ ಕೆಂಪಗೆ ಮಾಡಿಕೊಂಡು ಇದನ್ನೆಲ್ಲ ನನಗೆ ಅನುವಾದ ಮಾಡಿದಳು. ಅಲ್ಲಿನ ಅಜ್ಜಿಯರು ಮಾತ್ರ ಮೊಮ್ಮಕ್ಕಳ ಕೈ ಹಿಡಿದು ಅದರ ಮುಂದೆಯೇ ಫೋಟೋ ತೆಗೆಸಿಕೊಳ್ಳುತ್ತಾರೆ.

ನರಿಯ ಮುಖವಾಡದ ಮಾತು. ಕ್ಯೋಟೋದ ಫುಶಿಮಿ ಇನಾರಿ ಕ್ಷೇತ್ರ ಕೇಳಿರುತ್ತೀರಿ, ಬೆಟ್ಟದ ತುಂಬ ಕೇಸರಿ ಕೆಂಪಿನ ಕಮಾನುಗಳ ಸಾಲು. 711ರಲ್ಲಿ ಸ್ಥಾಪನೆಯಾಯಿತು ಅನ್ನುತ್ತಾರೆ. ಇನಾರಿ ಅಂದರೆ ಭತ್ತದ ದೇವರು, ಬೆಳೆಯ ದೇವರು, ಈಗ ವ್ಯಾಪಾರದ ದೇವರೂ ಹೌದು. ಬಿಳಿ ನರಿ ಆ ದೇವರ ದೂತ. ಗುಡಿಯ ಎರಡೂ ಬದಿಯ ಕಲ್ಲಿನ ನರಿಗಳ ಬಾಯಲ್ಲಿ ಉಗ್ರಾಣದ ಬೀಗದ ಕೈ, ಭತ್ತದ ತೆನೆ, ಮಣಿ ಇರುತ್ತವೆ. ಇದು ದುಷ್ಟಶಕ್ತಿ ಹೇಗಾಗುತ್ತದೆ? ಅಲ್ಲಿನ ರೈತರು ಇನಾರಿ ಬೆಟ್ಟದ ಮಣ್ಣು ಒಯ್ದು ಹೊಲಕ್ಕೆ ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ ಎಂದು ನಂಬಿದ್ದರು. ಆ ಕ್ಷೇತ್ರದ ಬಾಗಿಲಲ್ಲೇ ಹುಟ್ಟಿದ್ದು ಫುಶಿಮಿ ಮಣ್ಣಿನ ಗೊಂಬೆಗಳು. ಅಚ್ಚಿನಲ್ಲಿ ಒತ್ತಿ, ಹದವಾಗಿ ಸುಟ್ಟು, ಚಿಪ್ಪಿನ ಬಿಳಿ ಸುಣ್ಣ ಬಳಿದು, ಮೇಲೆ ಬಣ್ಣ. ಯಾತ್ರಿಕರು ಕೊಂಡು ಊರೂರಿಗೆ ಒಯ್ದರು. ಅದನ್ನು ನೋಡಿ ಎಲ್ಲ ಕಡೆ ಗೊಂಬೆ ಮಾಡುವುದಕ್ಕೆ ಶುರು ಮಾಡಿದರು. ಜಪಾನಿನ ಮಣ್ಣಿನ ಗೊಂಬೆಗಳಿಗೆಲ್ಲ ಇದೇ ತಾಯಿಬೇರು ಅನ್ನುತ್ತಾರೆ. ನರಿಗೆ ಕರಿದ ತೋಫು, ಅಂದರೆ ಸೋಯಾ ಪನೀರು, ಇಷ್ಟ ಎಂದು ನಂಬಿಕೆ. ಅದಕ್ಕೇ ಕರಿದ ತೋಫು ಹಾಕಿದ ಶಾವಿಗೆ ಸಾರಿಗೆ ನರಿಯ ಹೆಸರು. ತೋಫು ತಾನೇ ಅಂತ ನಮ್ಮ ಸಸ್ಯಾಹಾರಿಗಳು ನಂಬಿ ಕೂರಬೇಡಿ, ಸಾರಿಗೆ ಮೀನು ಬಿದ್ದಿರುತ್ತದೆ.

ಬಿಸಿಲು ಮಳೆ ಒಟ್ಟಿಗೆ ಬಂದರೆ ನಾವು ಕಾಗೆಗೂ ನರಿಗೂ ಮದುವೆ ಅನ್ನುತ್ತೇವೆ, ಅಲ್ವಾ? ಅಲ್ಲಿ ನರಿಗೂ ನರಿಗೂ ಮದುವೆ. ಮಗು ಎತ್ತಿಕೊಂಡು ಕಿಟಕಿ ಹತ್ತಿರ ನಿಂತಾಗ ನಾನು ಕಾಗೆ ಎಂದರೆ ಪಕ್ಕದ ಮನೆಯಾಕೆ ಕಾಗೆ ಯಾಕೆ ಎಂದು ಕೇಳಿದಳು. ಉತ್ತರ ಯಾರ ಹತ್ತಿರ ಇದೆ?

ಕೆಟ್ಟ ನರಿ ಇಲ್ಲವೇ ಇಲ್ಲ ಅಂತಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಒಂಬತ್ತು ಬಾಲದ್ದು. 12ನೇ ಶತಮಾನದಲ್ಲಿ ತಮಾಮೊ ಎಂಬ ಸುಂದರಿಯ ವೇಷದಲ್ಲಿ ತೋಬಾ ಎಂಬ ನಿವೃತ್ತ ಚಕ್ರವರ್ತಿಯ ಬಳಿ ಸೇರಿಕೊಂಡಿತಂತೆ. ಅವನು ದಿನದಿನಕ್ಕೂ ಸೊರಗಿದ. ಗುಟ್ಟು ಬಯಲಾದ ಮೇಲೆ ನಾಸು ಎಂಬ ಬಯಲಿನಲ್ಲಿ ಬೇಟೆಯಾಡಿ ಕೊಂದರು. ಅದು ಕಲ್ಲಾಯಿತು, ಹತ್ತಿರ ಹೋದ ಹಕ್ಕಿ, ಹುಳ ಎಲ್ಲ ಸಾಯತೊಡಗಿದವು. ಅದು ಜ್ವಾಲಾಮುಖಿಯ ಜಾಗ, ನೆಲದಿಂದ ವಿಷಗಾಳಿ ಏಳುತ್ತದೆ, ಅಷ್ಟೇ. ಆ ಕಲ್ಲು 2022ರ ಮಾರ್ಚ್‌ನಲ್ಲಿ ಎರಡು ಹೋಳಾಯಿತು. ನರಿ ತಪ್ಪಿಸಿಕೊಂಡಿತು ಅಂತ ಜನ ಮೊಬೈಲಿನಲ್ಲಿ ಗುಲ್ಲೆಬ್ಬಿಸಿದರು. ನಮಗೆ ಸಂಬಂಧಪಟ್ಟದ್ದು ಇದರ ಹಿಂದಿನ ಕಂತು. ಜಪಾನಿಗೆ ಬರುವ ಮುಂಚೆ ಈ ನರಿ ಚೀನಾದಲ್ಲಿತ್ತು, ಭಾರತದಲ್ಲೂ ಇತ್ತು! ಮಗಧದ ರಾಜಕುಮಾರನ ಹೆಂಡತಿಯಾಗಿ, ಸಾವಿರ ರಾಜರ ತಲೆ ತೆಗೆ ಎಂದು ಅವನನ್ನು ಪುಸಲಾಯಿಸಿತಂತೆ. ಆ ರಾಜಕುಮಾರನನ್ನು ಅವರು ಹನ್ಜೊಕು ಅನ್ನುತ್ತಾರೆ. ಯಾರು ಗೊತ್ತೇ? ನಮ್ಮ ಆದಿಪರ್ವದಲ್ಲಿ ವಸಿಷ್ಠರ ಮಗ ಶಕ್ತಿಯ ಶಾಪದಿಂದ ರಾಕ್ಷಸನಾಗುವ ಕಲ್ಮಾಷಪಾದ. ಬೌದ್ಧರ ಕತೆಗಳ ಜೊತೆ ಅಷ್ಟು ದೂರ ಹೋಗಿದ್ದಾನೆ. ನಮ್ಮಲ್ಲಿ ಅವನಿಗೆ ನರಿ ಹೆಂಡತಿ ಇಲ್ಲ, ಅದು ಅವರು ಕಟ್ಟಿಕೊಟ್ಟದ್ದು. ಗಣಪನನ್ನು ಎಳೆದು ತರುವ ಬದಲು ನಿಮ್ಮ ಲೇಖಕರು ಈ ನಂಟನ್ನು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈಗ ನನ್ನ ಮುಖ್ಯ ತಕರಾರು. 'ಸಾವಿರಾರು ವರ್ಷ'.

ಶಿಗರಾಕಿ ಹಳೆಯ ಕುಂಬಾರರ ಊರು, ನಿಜ. ಜಪಾನಿನ ಆರು ಪುರಾತನ ಆವಿಗೆ ಊರುಗಳಲ್ಲಿ ಅದೂ ಒಂದು. ಸುಮಾರು 13ನೇ ಶತಮಾನದಿಂದ ಅಲ್ಲಿ ದೊಡ್ಡ ಹರವಿ, ಬಾನಿ ಮಾಡುತ್ತಾ ಬಂದಿದ್ದಾರೆ. ತನುಕಿಯ ಕತೆಗಳೂ ಹಳೆಯವು. ಆದರೆ ಟೊಪ್ಪಿಗೆ, ಬಾಟಲಿ, ಉದ್ದರಿ ಪುಸ್ತಕ, ಡೊಳ್ಳು ಹೊಟ್ಟೆ ಎಲ್ಲ ಸೇರಿದ ಈ ಗೊಂಬೆ ಮನೆಮಾತಾದದ್ದು ನನ್ನ ಅಪ್ಪನ ಕಾಲದಲ್ಲಿ. ಪುಟ್ಟ ಮಣ್ಣಿನ ತನುಕಿಗಳನ್ನು ಅದಕ್ಕೂ ಮುಂಚೆ ಮಾಡುತ್ತಿದ್ದರು. ಆದರೆ ಅದನ್ನೇ ಜೀವನ ಮಾಡಿಕೊಂಡವನು ಫುಜಿವಾರಾ ತೆತ್ಸುಜೋ ಎಂಬ ಕುಂಬಾರ. ಕ್ಯೋಟೋದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನಿದ್ದಾಗ ಬೆಳದಿಂಗಳಲ್ಲಿ ತನುಕಿಗಳು ಹೊಟ್ಟೆ ಬಾರಿಸುವುದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೊಳ್ಳುತ್ತಿದ್ದನಂತೆ. 1930ರ ದಶಕದ ನಡುವಿನಲ್ಲಿ ಶಿಗರಾಕಿಗೆ ಬಂದು ಮನೆ ಮಾಡಿ, ತನುಕಿ ಬಿಟ್ಟು ಬೇರೇನೂ ಬೇಡ ಎಂಬಂತೆ ಅದನ್ನೇ ಮಾಡುತ್ತಾ ಕೂತ.

ಆಮೇಲೆ 1951. ಚಕ್ರವರ್ತಿ ಹಿರೋಹಿಟೊ ಶಿಗರಾಕಿಗೆ ಬಂದರು. ಯುದ್ಧದಲ್ಲಿ ಸೋತ ದೇಶ, ಊರಿನವರಿಗೆ ಸಡಗರ ಮಾಡಲು ದುಡ್ಡೆಲ್ಲಿಂದ? ಇದ್ದದ್ದು ಮಣ್ಣಿನ ತನುಕಿಗಳು. ಒಂದೊಂದರ ಕೈಗೂ ದೇಶದ ಬಾವುಟ ಕೊಟ್ಟು ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿದರು. ಚಕ್ರವರ್ತಿಗೆ ಎಷ್ಟು ಖುಷಿಯಾಯಿತೆಂದರೆ ಪದ್ಯವನ್ನೇ ಬರೆದರು. ಚಿಕ್ಕವನಿದ್ದಾಗ ಕೂಡಿಡುತ್ತಿದ್ದ ತನುಕಿಗಳು ನೆನಪಾದವು ಎಂಬ ಅರ್ಥದ್ದು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಚಿತ್ರ ಬಂತು. ಇಡೀ ದೇಶದ ಅಂಗಡಿ, ಹೋಟೆಲಿನವರಿಗೆ ತನುಕಿ ಬೇಕಾಯಿತು. ಮರುವರ್ಷವೇ, 1952ರಲ್ಲಿ, ಇಶಿದಾ ಗೋಚೋ ಎಂಬುವರು ಗೊಂಬೆಯ ಎಂಟು ಅಂಗಗಳಿಗೆ ಎಂಟು ಶುಭ ಅರ್ಥ ಕಟ್ಟಿದರು. ಟೊಪ್ಪಿಗೆ ಅನಿರೀಕ್ಷಿತ ಆಪತ್ತಿನಿಂದ ಕಾಯುತ್ತದೆ, ದೊಡ್ಡ ಕಣ್ಣು ನಾಲ್ಕೂ ಕಡೆ ನಿಗಾ ಇಡುತ್ತದೆ, ಉದ್ದರಿ ಪುಸ್ತಕ ನಂಬಿಕೆಗೆ, ದಪ್ಪ ಬಾಲ ಕೆಲಸವನ್ನು ಕೊನೆ ಮುಟ್ಟಿಸುವುದಕ್ಕೆ, ಹೀಗೆ. ನಿಮ್ಮ ಲೇಖಕರು 'ಪ್ರಾಚೀನ ಶಾಸ್ತ್ರಗಳ ಪ್ರಕಾರ' ಎಂದು ಕೊಟ್ಟ ಪಟ್ಟಿ ಇದೇ. ನನ್ನ ಅಣ್ಣನಿಗಿಂತ ಚಿಕ್ಕ ವಯಸ್ಸಿನ ಶಾಸ್ತ್ರ.

ಇದನ್ನು ಹೇಳಿ ಗೊಂಬೆಯ ಮರ್ಯಾದೆ ಕಳೆಯುತ್ತಿಲ್ಲ. ನನಗೆ ಅದರ ಮೇಲೆ ಗೌರವ ಹುಟ್ಟಿದ್ದೇ ಈ ಕತೆ ಗೊತ್ತಾದ ಮೇಲೆ, ಅದನ್ನು ಮಾಡುವುದನ್ನು ಕಂಡ ಮೇಲೆ.

ನಾನು ನೋಡಿದ್ದು ಒಬ್ಬ ವಯಸ್ಸಾದವರ ಕೆಲಸದ ಮನೆ. ಅಲ್ಲಿನ ಮಣ್ಣನ್ನು ಮೊದಲು ಬೆರಳಲ್ಲಿ ಉಜ್ಜಿ ನೋಡಿದೆ. ನಮ್ಮ ಕೆರೆ ಮಣ್ಣಿನ ಹಾಗೆ ನುಣ್ಣಗಿಲ್ಲ, ಬಿಳಿ ಕಲ್ಲಿನ ಹರಳು ಕೈಗೆ ಸಿಗುತ್ತದೆ. ಬಿವಾ ಸರೋವರ ಬಹಳ ಹಿಂದೆ ಇದ್ದ ಜಾಗದ ತಳದಲ್ಲಿ ಕೂತ ಮಣ್ಣಂತೆ. ಆ ಹರಳು ಇರುವುದರಿಂದಲೇ ಆಳೆತ್ತರದ ಗೊಂಬೆ ಮಾಡಿದರೂ ಕುಸಿಯುವುದಿಲ್ಲ. ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ದು, ಮುಂದಿನದು ಒಂದು ಹೋಳು, ಹಿಂದಿನದು ಒಂದು ಹೋಳು. ಮಣ್ಣಿನ ದಪ್ಪ ಹಾಳೆಯನ್ನು ಒಳಗೆ ಹಾಸಿ ಮುಷ್ಟಿಯಲ್ಲಿ, ಹೆಬ್ಬೆರಳಲ್ಲಿ ಒತ್ತುತ್ತಾರೆ. ಮೂಗಿನ ಗುಳಿ, ಹೊಟ್ಟೆಯ ಗುಂಡಿ ಬಿಡದ ಹಾಗೆ. ಅಂಚಿಗೆ ಗೀರು ಹಾಕಿ, ಮಣ್ಣಿನ ಗಂಜಿ ಬಳಿದು, ಎರಡೂ ಹೋಳು ಕೂಡಿಸುತ್ತಾರೆ. ಪ್ಲಾಸ್ಟರ್ ನೀರು ಹೀರಿಕೊಂಡು ಮಣ್ಣು ಬಿಗಿಯಾದ ಮೇಲೆ ಅಚ್ಚು ಬಿಡಿಸುತ್ತಾರೆ. ಆಗ ಹೊರಗೆ ಬರುವುದು ಬೋಳು ಪ್ರಾಣಿ. ಟೊಪ್ಪಿಗೆ, ಬಾಟಲಿ, ಬಾಲ ಎಲ್ಲ ಬೇರೆ ಮಾಡಿ ಅಂಟಿಸುತ್ತಾರೆ. ಆಮೇಲೆ ಬಾಚಣಿಗೆ ಹಲ್ಲಿನಂಥ ಒಂದು ಸಲಕರಣೆಯಲ್ಲಿ ಕೂದಲು ಗೀರುತ್ತಾರೆ. ಕೊನೆಗೆ ಕಣ್ಣು.

ಆ ಕಣ್ಣಿನಲ್ಲೇ ಇದೆ ಎಲ್ಲ. ಒಂದೇ ಅಚ್ಚಿನಿಂದ ಬಂದ ಗೊಂಬೆಗಳು ಹಲಗೆ ಮೇಲೆ ಸಾಲಾಗಿ ಕೂತಿದ್ದವು. ಒಂದು ಪೆದ್ದು, ಒಂದು ಕಳ್ಳ, ಒಂದು ಈಗಷ್ಟೇ ಬೈಸಿಕೊಂಡು ಬಂದದ್ದು. ಕಡ್ಡಿಯ ತುದಿ ಕೂದಲೆಳೆ ಆಚೀಚೆ ಆದರೂ ಮುಖ ಬೇರೆ ಆಗುತ್ತದೆ. ಯಾವುದು ಇಷ್ಟ ಅಂತ ಕೇಳಿದರು. ಕಳ್ಳನನ್ನು ತೋರಿಸಿದೆ. ಅವರು ನಕ್ಕು, ಅದನ್ನು ಮೊದಲೇ ಯಾರೋ ಕೇಳಿದ್ದಾರೆ ಎಂದರು. ಆ ಕೋಣೆಯಲ್ಲಿ ಇನ್ನೂ ಏನೇನೋ ಇದ್ದವು. ಗಾಲ್ಫ್ ಕೋಲು ಹಿಡಿದ ತನುಕಿ, ಮಗು ಎತ್ತಿಕೊಂಡ ಹೆಣ್ಣು ತನುಕಿ, ಗೂಬೆ, ಕಪ್ಪೆ. ಊರಿನ ರೈಲು ನಿಲ್ದಾಣದ ಮುಂದೆ ಮನೆಯಷ್ಟು ಎತ್ತರದ ತನುಕಿ ನಿಂತಿದ್ದಾನೆ. ಹೊಟ್ಟೆಯಲ್ಲಿ ಟೆಲಿಫೋನ್ ಬೂತ್. ಹಬ್ಬಕ್ಕೆ ತಕ್ಕ ಹಾಗೆ ಅವನಿಗೆ ಬಟ್ಟೆ ಬದಲಾಯಿಸುತ್ತಾರೆ.

ಯಾಕೆ ಇಷ್ಟೊಂದು ತನುಕಿ ಅಂದರೆ, ಹೊಟ್ಟೆಪಾಡು. ಆ ಊರು ಮೊದಲು ಬದುಕಿದ್ದು ಹಿಬಾಚಿಯಿಂದ. ಚಳಿಗೆ ಕೆಂಡ ಹಾಕಿ ಕೈ ಕಾಯಿಸಿಕೊಳ್ಳುವ ಅಗ್ಗಿಷ್ಟಿಕೆ. ಯುದ್ಧ ಮುಗಿದ ಹೊಸದರಲ್ಲಿ ಜಪಾನಿಗೆ ಬೇಕಾದ ಹಿಬಾಚಿಯಲ್ಲಿ ಹೆಚ್ಚಿನ ಪಾಲು ಇಲ್ಲಿಂದಲೇ ಹೋಗುತ್ತಿತ್ತು. ಸೀಮೆಎಣ್ಣೆ, ಗ್ಯಾಸ್, ಕರೆಂಟಿನ ಒಲೆ ಬಂದವು. ಕೆಲವೇ ವರ್ಷದಲ್ಲಿ ಹಿಬಾಚಿ ಯಾರಿಗೂ ಬೇಡವಾಯಿತು. ನಮ್ಮಲ್ಲಿ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡ ಬಂದಾಗ ಆದದ್ದೇ ಅಲ್ಲೂ ಆಯಿತು. ಅವರು ಹಿಬಾಚಿಯ ಅಚ್ಚನ್ನೇ ಇಟ್ಟುಕೊಂಡು ಹೂಕುಂಡ ಮಾಡಿದರು. ಹೆಂಚು, ಟೈಲ್ಸ್, ತೋಟದ ಮೇಜು ಮಾಡಿದರು. 1970ರ ಒಸಾಕಾ ಮಹಾ ಪ್ರದರ್ಶನದಲ್ಲಿ ಕಲಾವಿದ ಒಕಾಮೊಟೊ ತಾರೊ ನಿಲ್ಲಿಸಿದ ಸೂರ್ಯ ಗೋಪುರದ ಬೆನ್ನಿನ ಕಪ್ಪು ಸೂರ್ಯ ಶಿಗರಾಕಿಯ ಟೈಲ್ಸಿನದೇ. ಜೊತೆಗೆ ತನುಕಿ. ಗಿರಾಕಿ ಕೇಳಿದ ವೇಷದಲ್ಲೆಲ್ಲ ತನುಕಿ. 2017ರಲ್ಲಿ ಅವರ ಸರ್ಕಾರ ಆ ಆರು ಆವಿಗೆ ಊರುಗಳಿಗೆ ಜಪಾನ್ ಪರಂಪರೆ ಎಂಬ ಗೌರವ ಕೊಟ್ಟಿತು. ಗಾಲ್ಫ್ ಆಡುವ ತನುಕಿ ಮಾಡಿದಿರಿ, ನಿಮ್ಮದು ಪರಂಪರೆ ಅಲ್ಲ ಅಂತ ಯಾರೂ ಅನ್ನಲಿಲ್ಲ.

ನನ್ನ ಸಂಕಟ ಇರುವುದು ಇಲ್ಲಿ. ಕೆಲವು ವರ್ಷದ ಹಿಂದೆ ನನ್ನ ತಮ್ಮ ಒಂದು ಕರಕುಶಲ ಮೇಳಕ್ಕೆ ಅರ್ಜಿ ಹಾಕಿದ್ದ. ಗುಬ್ಬಿ ಗೂಡು ಇಟ್ಟುಕೊಂಡ ಮಣ್ಣಿನ ಆನೆ, ಹೊಟ್ಟೆಯಲ್ಲಿ ದೀಪ ಉರಿಯುವ ಹುಲಿ, ಇಂಥವನ್ನು ಅವನೇ ಯೋಚಿಸಿ ಮಾಡಿದ್ದ. ಆರಿಸಲು ಕೂತಿದ್ದವರು ಇದು ಎಷ್ಟು ವರ್ಷದ ಸಂಪ್ರದಾಯ ಎಂದು ಕೇಳಿದರು. ಹೋದ ವರ್ಷ ಶುರು ಮಾಡಿದ್ದು ಎಂದ. ಅಚ್ಚು ಬಳಸಿದ್ದೀರಾ ಎಂದರು. ಹೌದು ಎಂದ. ಮಳಿಗೆ ಸಿಗಲಿಲ್ಲ. ಪಕ್ಕದವನೊಬ್ಬ, ಏನೋ ಪೇಂಟ್ ಬಳಿದ ಮಡಕೆಯನ್ನು ಐನೂರು ವರ್ಷದ ರಾಜರ ಕಾಲದ ಕಲೆ ಎಂದ. ಅವನಿಗೆ ಸಿಕ್ಕಿತು. ಮುಂದಿನ ಸಲ ನಾನೂ ಸುಳ್ಳು ಹೇಳ್ತೀನಿ ಬಿಡಕ್ಕ ಎಂದು ತಮ್ಮ ಅಂದ. ನಿಮ್ಮ ಪುಟದ ಆ 'ಸಾವಿರಾರು ವರ್ಷ' ಓದಿದಾಗ ನನಗೆ ನೆನಪಾದದ್ದು ಅವನ ಆ ಮಾತು. ಹಳೆಯದು ಅಂದರೆ ಮಾತ್ರ ಬೆಲೆ ಎಂದು ಪತ್ರಿಕೆಯೂ, ಮೇಳದವರೂ, ಕೊಳ್ಳುವವರೂ ಒಟ್ಟಿಗೆ ಹೇಳಿದರೆ ಕೈಯಲ್ಲಿ ಕೆಲಸ ಇರುವವನು ಏನು ಮಾಡಬೇಕು?

ಚನ್ನಪಟ್ಟಣವನ್ನೇ ನೋಡಿ. ಆಲೆ ಮರ, ಅರಗಿನ ಬಣ್ಣದ ಗೊಂಬೆ ನಮ್ಮ ಹೆಮ್ಮೆ. ಅಂಗಡಿಯವರು ಕೇಳಿದವರಿಗೆಲ್ಲ ಟಿಪ್ಪು ಕಾಲದ್ದು ಎನ್ನುತ್ತಾರೆ. ಆ ಕೆಲಸಕ್ಕೆ ಜಪಾನಿನ ರೀತಿಯನ್ನು ತಂದು ಸೇರಿಸಿದವರು ಬಾವಾಸ್ ಮಿಯಾನ್ ಎಂದು ಅಲ್ಲಿನ ಹಿರಿಯರೇ ನೆನೆಯುತ್ತಾರೆ. ಈಗ ಅಲ್ಲಿ ಮಕ್ಕಳ ಲೆಕ್ಕದ ಮಣಿ, ಕಿವಿಯೋಲೆ, ಕೀಲಿಗೊಂಚಲು ಎಲ್ಲ ಮಾಡುತ್ತಾರೆ. ಕಡಿಮೆಯಾಯಿತೇ?

ನನ್ನ ಕೋರಿಕೆ ಇಷ್ಟೇ. ತಿದ್ದುಪಡಿ ಹಾಕಿ: ಅದು ಕರಡಿಯಲ್ಲ ತನುಕಿ, ಪುಸ್ತಕ ಧರ್ಮಗ್ರಂಥವಲ್ಲ ಉದ್ದರಿ ಲೆಕ್ಕ, ಬಿಳಿ ನರಿಯಿಂದ ಯಾರಿಗೂ ಕೇಡಿಲ್ಲ, ಈಶಾನ್ಯ ಮೂಲೆ ನಿಮ್ಮ ಲೇಖಕರದೇ ಸೇರ್ಪಡೆ. ಗೊಂಬೆಯನ್ನು ಈಗಾಗಲೇ ತಂದು ದೇವರ ಪಕ್ಕ ಇಟ್ಟವರು ತೆಗೆದು ಬಾಗಿಲ ಹೊರಗೆ ಇಡಲಿ, ಅವನಿಗೂ ಅಲ್ಲೇ ಆರಾಮ. ಮುಂದೆ ಇಂಥ ಪುಟ ಮಾಡುವಾಗ ಅಂಗಡಿಯವರು ಕೊಟ್ಟ ಚೀಟಿ ನೋಡಿ ಬರೆಯದೆ, ಮಾಡುವವರನ್ನು ಒಮ್ಮೆ ಕೇಳಿ. ಗೌರಿ ಹಬ್ಬಕ್ಕೆ ಎರಡು ತಿಂಗಳ ಮುಂಚೆ ನಮ್ಮ ಕುಂಬಾರ ಬೀದಿಗೆ ಯಾರನ್ನಾದರೂ ಕಳಿಸಿದರೆ ತಮ್ಮ ಎಲ್ಲ ತೋರಿಸುತ್ತಾನೆ, ಆನೆ, ಹುಲಿ ಕೂಡ. ಆವಿಗೆ ಹಚ್ಚಿದ ದಿನ ಮಾತ್ರ ಬೇಡ. ಅವತ್ತು ಅವನು ಹೆಂಡತಿ ಜೊತೆಗೂ ಮಾತಾಡೋದಿಲ್ಲ.

ಇತಿ,
ತಮ್ಮ ಪತ್ರಿಕೆಯ ಹಳೆಯ ಓದುಗಳು,
ಕುಂಬಾರ ಬೀದಿಯ ಮನೆಮಗಳು